ಪದ್ಯ ಮುಗಿಯುವುದರೊಳಗೆ ಹಸಿರು ದೀಪ

ಹೆಬ್ಬಗೋಡಿಯ ಹಳೇ ಬೀದಿಯಲ್ಲಿ ನಲ್ಲಪ್ಪನ ಮನೆಗೆ ಬೇರೆ ಗುರುತು ಬೇಕಾಗಿರಲಿಲ್ಲ. ಬೆಳಗಾದರೆ ಪದ್ಯ ಕೇಳಿಸುವ ಮನೆ ಅದು. ಹಂಡೆಯ ನೀರು ಕಾದು ಮೊದಲ ಚೊಂಬು ನೆತ್ತಿಗೆ ಬಿದ್ದದ್ದೇ ತಡ, ಬಚ್ಚಲಿನಿಂದ ದನಿ ಏಳುತ್ತಿತ್ತು. ನಲ್ಲಪ್ಪನ ಅಪ್ಪ ಅರಳಿಕಟ್ಟೆಯ ಮೇಲೆ ಕೂತು ಭಾರತ ಓದುತ್ತಿದ್ದವನು. ಮಗನಿಗೆ ಅಕ್ಷರ ಅಷ್ಟಾಗಿ ಹತ್ತಲಿಲ್ಲ, ಪದ್ಯ ಹತ್ತಿತು. ಅರವತ್ತೆಂಟು ತುಂಬಿದರೂ ಹದಿನೆಂಟು ಪದ್ಯ ಹೇಳಿ ಮುಗಿಸದೆ ಅವನು ಮೈ ಒರೆಸಿಕೊಂಡದ್ದಿಲ್ಲ.

ಆ ಹದಿನೆಂಟು ಪದ್ಯವೇ ಸೊಸೆ ಪದ್ಮಾವತಿಯ ಅಳತೆಗೋಲಾಗಿತ್ತು. ಬಚ್ಚಲ ಪಕ್ಕದಲ್ಲಿ, ಮೆಟ್ಟಿಲ ಕೆಳಗಿನ ಗೋಡೆಗೆ ಸೋಲಾರಿನ ಇನ್ವರ್ಟರ್ ಹಾಕಿದ್ದರು. ತಾರಸಿಯ ಮೇಲಿನ ಹನ್ನೆರಡು ಪ್ಯಾನೆಲ್ಲುಗಳಿಂದ ಇಳಿದು ಬಂದ ಕರೆಂಟು ಆ ಬಿಳಿ ಪೆಟ್ಟಿಗೆಯಲ್ಲಿ ಮನೆಯ ಕರೆಂಟಾಗಿ, ಮಿಕ್ಕದ್ದು ಬೀದಿ ಕಂಬಕ್ಕೆ ಹೋಗಬೇಕು. ಆ ವರ್ಷ, ಅಂದರೆ ಎರಡು ಸಾವಿರದ ಹದಿನೇಳರ ಆಯುಧಪೂಜೆಗೆ ಮುಂಚೆ ಹಾಕಿಸಿದ ಹೊಸತರಲ್ಲಿ, ಮಾವ ಹತ್ತನೇ ಪದ್ಯ ದಾಟುವುದರೊಳಗೆ ಪೆಟ್ಟಿಗೆಯ ಹಸಿರು ದೀಪ ಹತ್ತುತ್ತಿತ್ತು. ದೀಪಾವಳಿ ಕಳೆದದ್ದೇ ಎಲ್ಲ ತಿರುವುಮುರುವಾಯಿತು. ಹದಿನೆಂಟೂ ಮುಗಿದು, ಮಾವ ಊಟಕ್ಕೆ ಕೂತು ಎದ್ದು, ಎಲೆಯಡಿಕೆ ಬಾಯಿಗೆ ಹಾಕಿಕೊಂಡರೂ ಕೆಂಪು ದೀಪವೇ ಪಿಳಿಪಿಳಿ ಎನ್ನುತ್ತಿತ್ತು. ಪುಟ್ಟ ಪರದೆಯ ಮೇಲೆ ಎರಡೇ ಶಬ್ದ: ಇನ್ಸುಲೇಷನ್ ಫಾಲ್ಟ್. ತಂತಿಯ ಹೊದಿಕೆ ಎಲ್ಲೋ ಸೋರುತ್ತಿದೆ, ಕರೆಂಟು ನೆಲದ ದಾರಿ ಹಿಡಿದಿದೆ, ಅದಕ್ಕೇ ನಾನು ಶುರುವಾಗುವುದಿಲ್ಲ ಎಂದು ಪೆಟ್ಟಿಗೆ ಹಟ ಹಿಡಿದಿತ್ತು.

"ಏನಮ್ಮಾ ಪದ್ಮ, ಇವತ್ತೂ ಮುನಿಸ್ಕಂಡೈತಾ ನಿನ್ ಪೆಟ್ಟಿಗೆ?" ಎಂದ ನಲ್ಲಪ್ಪ, ತಟ್ಟೆಯ ಮುಂದೆ ಕೂರುತ್ತ.

"ಬಿಸಿಲು ಏರಿದ್ಮೇಲೆ ಶುರುವಾಗುತ್ತೆ ಮಾವ."

"ಬಿಸ್ಲು ಬಂದ್ ಮೇಕೆ ನಾನೂ ಸುರುವಾಯ್ತೀನಿ. ಅದ್ರಲ್ಲೇನೈತೆ?" ಮುದ್ದೆ ಮುರಿದು ಸಾರಿಗೆ ಅದ್ದಿದ. "ಕರೆಂಟ್ ಓದಾಗ್ಲೂ ಉರಿಯಾಕಿಲ್ಲ, ಇದ್ದಾಗ್ಲೂ ಉರಿಯಾಕಿಲ್ಲ. ಆ ತಾರಸಿ ಮ್ಯಾಕೆ ನಾಕು ತಗಡ್ ಸೀಟಿನ್ ರೂಮ್ ಆಕಿದ್ರೆ ಬೊಮ್ಮಸಂದ್ರದ ಕೆಲಸ್ದೋರು ಇಷ್ಟೊತ್ಗೆ ತುಂಬ್ಕಂಡಿರೋರು."

ಮಗ ಮುರಳಿ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಅಪ್ಪನಿಗೂ ಹೆಂಡತಿಗೂ ನಡುವೆ ಸಿಕ್ಕಾಗ ಅವನು ಸಾರಿನ ಬಟ್ಟಲನ್ನೇ ನೋಡುತ್ತಿದ್ದ.

"ನೀನಾರ ಏಳ್ಲಾ," ಎಂದಳು ಅವನ ತಾಯಿ ಮುನಿಯಕ್ಕ, ಇನ್ನೊಂದು ಸೌಟು ಬಡಿಸುತ್ತ.

"ಏನ್ ಹೇಳ್ಲಮ್ಮ, ಕಂಪೆನಿಯೋರು ಬರ್ತೀನಿ ಅಂದವ್ರೆ."

"ಬರ್ಲಿ, ಬರ್ಲಿ," ಎಂದ ನಲ್ಲಪ್ಪ. "ಸಂಕ್ರಾಂತಿ ಮಟ ನೋಡ್ತೀನಿ. ಎಳ್ಳು ಬೀರೋ ವೊತ್ಗೆ ಇದು ಸರಿ ಓಗ್ಲಿಲ್ಲ ಅಂದ್ರೆ ಕಿತ್ತಾಕ್ಸಿ ಮೇಸ್ತ್ರಿ ನೀಲಪ್ಪನ್ ಕರೆಸ್ತೀನಿ. ಆಮೇಕೆ ನನ್ನ ಬೈಕಬ್ಯಾಡ."

ಪದ್ಮಾವತಿ ಮಾವನ ಲೋಟಕ್ಕೆ ನೀರು ಬಗ್ಗಿಸಿದಳು. ಆ ಹನ್ನೆರಡು ಪ್ಯಾನೆಲ್ಲು ಅವಳ ಒಂಬತ್ತು ವರ್ಷದ ದುಡಿಮೆ. ಬೊಮ್ಮಸಂದ್ರದ ಮೋಟರ್ ಕಾರ್ಖಾನೆಯಲ್ಲಿ, ತಂತಿ ಸುತ್ತಿ ಬಂದ ಕಾಯಿಲುಗಳ ಹೊದಿಕೆ ಗಟ್ಟಿಯಿದೆಯೇ ಇಲ್ಲವೇ ಎಂದು ಪರೀಕ್ಷಿಸುವ ಮೇಜಿನ ಮುಂದೆ ಕೂತವಳು ಅವಳು. ಕಾರ್ಖಾನೆ ರಾಜ್ಯದ ಗಡಿಯಾಚೆಗೆ ಎತ್ತಂಗಡಿಯಾದಾಗ ಕೆಲಸ ಬಿಟ್ಟು, ಕೈಗೆ ಬಂದ ಪಿಎಫ್ ಹಣವನ್ನು ತಾರಸಿಗೆ ಹಾಕಿದ್ದಳು. ಮದುವೆಯಾಗಿ ಬಂದಮೇಲೆ ಆ ಮನೆ ಅವಳ ಮಾತು ಕೇಳಿ ಮಾಡಿದ ಮೊದಲ ಕೆಲಸ. ಪ್ಯಾನೆಲ್ಲು ಇಳಿದರೆ ಅವಳ ಮಾತೂ ಅದರ ಜೊತೆಗೇ ಇಳಿಯುತ್ತದೆಂದು ಅಡುಗೆಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಸಂಕ್ರಾಂತಿ ತುಂಬಾ ದೂರ ಇದೆ ಮಾವ," ಎಂದಳು ಕೊನೆಗೆ. "ಅಷ್ಟು ದಿನ ಬೇಡ ನನಗೆ."

ಅಂದೇ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನ ಮುಂದೆ ನಿಂತು, ಅಕ್ಟೋಬರಿನಿಂದ ನೆನಪಿದ್ದಷ್ಟೂ ಸೇರಿಸಿ, ಯಾವ ದಿನ ಎಷ್ಟು ಹೊತ್ತಿಗೆ ಹಸಿರು ದೀಪ ಹತ್ತಿತೆಂದು ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದಳು.

ಸೋಲಾರ್ ಕಂಪೆನಿಯ ಕೊಟ್ರಪ್ಪ ಬಂದದ್ದು ಕಾರ್ತಿಕ ಮಾಸದ ನಡುವೆ. ಬಳ್ಳಾರಿ ಕಡೆಯ ಹುಡುಗ, ಮಾತು ನಯ. ಅವನು ಬರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಪೆಟ್ಟಿಗೆ ಒಳ್ಳೇ ಮಗುವಿನ ಹಾಗೆ ಹಸಿರು ದೀಪ ಉರಿಸುತ್ತ ಕೂತಿತ್ತು.

"ನಡದೈತಲ್ರೀ ಮೇಡಂ!"

"ಬೆಳಗ್ಗೆ ಬನ್ನಿ ಅಂತ ಮೂರು ಸಲ ಫೋನ್ ಮಾಡಿದೀನಿ. ಬೆಳಗಿನ ಕಾಯಿಲೆಗೆ ಮಧ್ಯಾಹ್ನ ನಾಡಿ ನೋಡಿದ್ರೆ ಏನ್ ಗೊತ್ತಾಗುತ್ತೆ?"

ಕೊಟ್ರಪ್ಪ ನಕ್ಕ. ಪೆಟ್ಟಿಗೆಯ ಒಳಗಿನ ಕಾರ್ಡೇ ಹೋಗಿರಬೇಕೆಂದು ಹೇಳಿ, ನಾಲ್ಕು ದಿನದ ಮೇಲೆ ಇನ್ನೊಂದು ಪೆಟ್ಟಿಗೆ ತಂದು ಹಾಕಿದ. ತಾರಸಿಗೆ ಹತ್ತಿ, ನಿಂತಲ್ಲಿಂದಲೇ ಎರಡು ಫೋಟೋ ತೆಗೆದುಕೊಂಡು ಇಳಿದ. ಮರುದಿನ ಬೆಳಿಗ್ಗೆ ಹದಿನೆಂಟನೇ ಪದ್ಯ ಮುಗಿಯಿತು; ಹೊಸ ಪೆಟ್ಟಿಗೆಯೂ ಕೆಂಪು.

"ಒಸಾ ಎಣ್ಣಿಗೂ ಅದೇ ಚಾಳಿ," ಎಂದ ನಲ್ಲಪ್ಪ.

ಪದ್ಮಾವತಿಗೆ ಅವತ್ತು ಒಂದು ವಿಷಯ ಗಟ್ಟಿಯಾಯಿತು. ಬೇನೆ ಪೆಟ್ಟಿಗೆಯದಲ್ಲ. ಪೆಟ್ಟಿಗೆ ಬರೀ ಚಾಡಿ ಹೇಳುತ್ತಿದೆ. ಬೇನೆ ಇರುವುದು ಮೇಲೆ.

ಕೊಟ್ರಪ್ಪ ಮತ್ತೆ ಫೋನಿನಲ್ಲಿ ಹೇಳಿದ: "ತಾರಸಿ ಮ್ಯಾಲ ನೀರಿನ ಪಸೆ ಇದ್ದರ ಹಿಂಗ ಆಗ್ತೈತ್ರಿ. ಯಾರರ ಅರಿವಿ ಒಣ ಹಾಕ್ತಾರೇನು?"

ಈ ಮಾತು ಮುನಿಯಕ್ಕನ ಕಿವಿಗೆ ಬಿದ್ದದ್ದೇ ಅವಳು ಸೆರಗು ಸಿಕ್ಕಿಸಿಕೊಂಡು ತಾರಸಿ ಹತ್ತಿದಳು. ಅಲ್ಲಿ ಕೆಳಮನೆಯ ಬಾಡಿಗೆಯ ಮಹಾನಂದಾ ಬಟ್ಟೆ ಹರವುತ್ತಿದ್ದಳು. ಗಂಡ ಬಸಲಿಂಗ ಗಾರೆ ಕೆಲಸದವನು. ಇಬ್ಬರೂ ಕಲಬುರಗಿ ಕಡೆಯವರು.

"ಅಲ್ಲ ಕಣಮ್ಮಿ, ಆ ಪ್ಲೇಟ್ ಮ್ಯಾಕೆ ಯಾಕಮ್ಮಿ ವದ್ದೆ ಬಟ್ಟೆ ಆಕ್ತೀಯ?"

"ಏನ್ರೀ ಅಮ್ಮಾರ? ನನ್ನ ಅರಿವಿ ಹಗ್ಗದ ಮ್ಯಾಲ ಅದಾವ, ಕಣ್ಣಿಗೆ ಕಾಣವಲ್ದೇನ್ರಿ?"

"ಇವತ್ತು ಅಗ್ಗದ ಮ್ಯಾಕೆ. ನೆನ್ನೆ?"

"ನಿನ್ನೀನೂ ಹಗ್ಗ, ಮೊನ್ನೀನೂ ಹಗ್ಗ! ಹುಟ್ಟಿದಾಗಿಂದ ಹಗ್ಗದ ಮ್ಯಾಲೇ ಹಾಕೀನಿ!"

"ಬಾಯ್ ನೋಡು! ಮೊನ್ನೆ ಇತ್ತಲ ಗಿಡದಾಗಿನ ನಿಂಬೆಅಣ್ಣೂ ಒಂದು ಕಾಣೆ. ಅದನ್ನ ಯಾರ್ ಕಿತ್ರೋ?"

ಮಹಾನಂದಾ ಬಕೆಟ್ಟನ್ನು ದಡ್ಡೆಂದು ಕೆಳಗಿಟ್ಟಳು. "ಅರಿವೀದೂ ನಾನ, ಹಣ್ಣಿಂದೂ ನಾನ! ನಾಳಿಗೆ ಮಳಿ ಬಂದ್ರ ಅದೂ ನಾನ ತರಿಸೀನಿ ಅನ್ರಿ! ಒಂದ್ ನಿಂಬಿಹಣ್ಣಿಗೆ ಕೈ ಚಾಚೋ ಮಂದಿ ಅಲ್ರಿ ನಾವು."

ಅಂದಿನಿಂದ ಮೇಲ್ಮನೆಗೂ ಕೆಳಮನೆಗೂ ಮಾತಿಲ್ಲ. ಮಹಾನಂದಾ ಬಟ್ಟೆಯನ್ನು ಬೀದಿಯ ಬೇಲಿಗೆ ಒಣಹಾಕಿದಳು. ತಾರಸಿಯಲ್ಲಿ ಒಂದು ಚಿಂದಿಯೂ ಇಲ್ಲ. ಕೆಳಗೆ ಕೆಂಪು ದೀಪ ಮಾತ್ರ ಹಾಗೇ ಇತ್ತು.

ಡಿಸೆಂಬರ್ ಕಾಲಿಟ್ಟಿತು. ಇಬ್ಬನಿ ದಟ್ಟವಾಯಿತು. ಸಂತೆಯಲ್ಲಿ ಅವರೆಕಾಯಿ ರಾಶಿ ಬಿದ್ದಿತು. ಒಂದು ಸಂಜೆ ಅತ್ತೆ ಸೊಸೆ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದಾಗ ಮುರಳಿ ಶಿಫ್ಟು ಮುಗಿಸಿ ಬಂದ.

"ಪದ್ಮಾ, ನಾನೊಂದು ಮಾತ್ ಹೇಳ್ಲಾ? ಕೋಪ ಮಾಡ್ಕೋಬಾರದು."

"ಕೋಪ ಬರೋ ಮಾತಾದ್ರೆ ಕಾಳು ಹಿಸುಕ್ತಾ ಕೇಳ್ತೀನಿ. ಹೇಳಿ."

"ಅಪ್ಪ ಹೇಳ್ದಂಗೆ ಅರ್ಧ ತೆಗೆದು ಎರಡು ರೂಮಾದ್ರೂ..."

ಚಿಮ್ಮಿದ ಬೇಳೆ ಮುರಳಿಯ ಅಂಗಿಗೆ ಬಡಿಯಿತು. ಮುನಿಯಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ರೀ, ಒಂಬತ್ತು ವರ್ಷ ನನ್ನ ಮೇಜಿಗೆ ಕೆಟ್ಟ ಮೋಟರ್ ಬಂದಿವೆ. ಎಲ್ಲಿ ಸೋರ್ತಿದೆ ಅಂತ ಗೊತ್ತಾಗದೆ ಒಂದನ್ನೂ ಗುಜರಿಗೆ ಕಳಿಸಿಲ್ಲ ನಾನು. ನಮ್ಮ ಮನೇದನ್ನ ಕಳಿಸ್ತೀನಾ?"

ಅಷ್ಟು ಹೊತ್ತಿಗೆ ಒಳಗಿನಿಂದ ನಲ್ಲಪ್ಪ ಬಂದ. ಅಂದು ಅಮಾವಾಸ್ಯೆ, ಸೋಮವಾರ. ದೀಪ ಹಚ್ಚುವ ಹೊತ್ತು.

"ಎಣ್ಣೇ, ಒಂದ್ ಪಿನ್ ಕೊಡು. ಪಂಚೆ ಸೊಂಟ್ದಾಗೆ ನಿಲ್ಲಾಕಿಲ್ಲ."

"ತಿಂಗ್ಳಿಗೊಂದು ಪಿನ್ ಈಸ್ಕಂಡು ಎಲ್ಲಾಕ್ತೀಯೋ ಕಾಣೆ," ಎನ್ನುತ್ತ ಮುನಿಯಕ್ಕ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಒಂದನ್ನು ಬಿಡಿಸಿ ಕೊಟ್ಟಳು. ನಲ್ಲಪ್ಪ ಅದನ್ನು ಹಿಡಿದು ಹಿತ್ತಲ ಕಡೆ ನಡೆದ.

ಮರುದಿನ ಹಸಿರು ದೀಪ ಹತ್ತಿದಾಗ ಹನ್ನೊಂದು ಗಂಟೆ. ಹಿಂದಿನ ದಿನದವರೆಗೂ ಒಂಬತ್ತೂವರೆಗೆ ಹತ್ತುತ್ತಿದ್ದುದು! ಪದ್ಮಾವತಿ ಪೆನ್ಸಿಲು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಳು. ಹಾಳೆಗಳನ್ನು ಹಿಂದಕ್ಕೆ ಮಗುಚಿದಳು. ಅಕ್ಟೋಬರಿನಲ್ಲಿ ಹತ್ತೊಂಬತ್ತರವರೆಗೆ ಎಲ್ಲ ಸರಿ. ಇಪ್ಪತ್ತರಿಂದ ಎಂಟು ಗಂಟೆ. ನವೆಂಬರಿನಲ್ಲಿ ಹದಿನೆಂಟರವರೆಗೆ ಎಂಟು, ಹತ್ತೊಂಬತ್ತರಿಂದ ಒಂಬತ್ತೂವರೆ. ಡಿಸೆಂಬರಿನಲ್ಲಿ ಹದಿನೆಂಟರವರೆಗೆ ಒಂಬತ್ತೂವರೆ, ಇಂದು ಹನ್ನೊಂದು. ಇಬ್ಬನಿ ದಿನಕ್ಕಿಷ್ಟು ಹೆಚ್ಚಿದರೆ ಗಂಟೆಯೂ ದಿನಕ್ಕಿಷ್ಟು ಜರುಗಬೇಕು. ಇದು ತಿಂಗಳಿಗೊಮ್ಮೆ ನೆಗೆಯುತ್ತಿದೆ. ನೆಗೆದ ಮೂರೂ ದಿನದ ಹಿಂದಿನ ಮನೆಯಲ್ಲಿ ಒಂದೊಂದು ಕಪ್ಪು ಚಂದ್ರ ಅಚ್ಚಾಗಿದ್ದ.

"ಅತ್ತೆ, ಅಮಾವಾಸ್ಯೆ ದಿನ ತಾರಸಿಗೆ ಯಾರಾದ್ರೂ ಹೋಗ್ತಾರಾ?"

"ಯಾರ್ ಓಯ್ತಾರೆ? ಆ ಮಹಾನಂದಾನೂ ಈಗ ಬರಾಕಿಲ್ಲ."

ಪದ್ಮಾವತಿ ಮಧ್ಯಾಹ್ನವೇ ಬಸ್ಸು ಹತ್ತಿ ಬೊಮ್ಮಸಂದ್ರಕ್ಕೆ ಹೋದಳು. ಅವಳ ಹಳೆಯ ಸೂಪರ್‌ವೈಸರ್ ಭೀಮಪ್ಪ ಅಲ್ಲೀಗ ಮೋಟರ್ ಸುತ್ತುವ ಸ್ವಂತ ಅಂಗಡಿ ಇಟ್ಟಿದ್ದ. ಅವನ ಬಳಿಯಿದ್ದ ಮೆಗ್ಗರನ್ನು ಎರಡು ದಿನಕ್ಕೆಂದು ಕೇಳಿ ತಂದಳು. ಕೈಯಿಂದ ಹಿಡಿಕೆ ತಿರುಗಿಸುವ ಹಳೇ ಯಂತ್ರ. ಹೊದಿಕೆ ಗಟ್ಟಿಯಿದ್ದರೆ ಅದರ ಮುಳ್ಳು ಮೇಲೆ ನಿಲ್ಲುತ್ತದೆ, ಸೋರಿದರೆ ಕೆಳಗೆ ಬೀಳುತ್ತದೆ.

ಸಂಜೆ ಬೆಳಕಿಳಿದ ಮೇಲೆ ಪೆಟ್ಟಿಗೆಯ ಎರಡೂ ಕಡೆಯ ಸ್ವಿಚ್ಚು ಇಳಿಸಿದಳು. ಬೆಳಕು ಬಿದ್ದರೆ ಪ್ಯಾನೆಲ್ಲು ಎಚ್ಚರವಾಗುತ್ತವೆಂದು, ರಾಗಿ ಹರವುವ ಟಾರ್ಪಾಲುಗಳನ್ನು ಹೊದಿಸಿದಳು. ಬೆಳಗಿನ ಜಾವ ಕೋಳಿ ಕೂಗುವಾಗ ಮೂವರೂ ತಾರಸಿಯಲ್ಲಿದ್ದರು: ಮುರಳಿಯ ಕೈಯಲ್ಲಿ ಮೆಗ್ಗರಿನ ಹಿಡಿಕೆ, ಮುನಿಯಕ್ಕನ ಕೈಯಲ್ಲಿ ಬ್ಯಾಟರಿ ದೀಪ, ಪದ್ಮಾವತಿಯ ಕೈಗೆ ರಬ್ಬರ್ ಗ್ಲೌಸು. ಕಾಲಡಿಯ ಗಾರೆ ಇಬ್ಬನಿಯಲ್ಲಿ ತೊಯ್ದಿತ್ತು.

"ಯಾಕಮ್ಮಿ ಈ ಚಳೀಲಿ? ಬಿಸ್ಲಾಗೆ ಮಾಡ್ಬಾರ್ದಾ?"

"ಬಿಸಿಲಲ್ಲಿ ಅದು ಬಾಯಿ ಬಿಡಲ್ಲ ಅತ್ತೆ. ಒದ್ದೆಯಾಗಿದ್ದಾಗ್ಲೇ ಕೇಳ್ಬೇಕು."

ಹನ್ನೆರಡು ಪ್ಯಾನೆಲ್ಲುಗಳ ಸಾಲನ್ನು ನಡುವೆ ಬಿಡಿಸಿ, ಆರು ಆರು ಮಾಡಿದಳು. "ತಿರುಗಿಸಿ." ಮೊದಲ ಆರಕ್ಕೆ ಮುಳ್ಳು ಮೇಲೇ ನಿಂತಿತು. "ಈಗ ಈ ಕಡೆ." ಮುಳ್ಳು ಬಿತ್ತು. ಆ ಆರನ್ನು ಮೂರು ಮೂರು ಮಾಡಿದಳು. ಮತ್ತೆ ಒಂದು ಕಡೆ ಗಟ್ಟಿ, ಒಂದು ಕಡೆ ಸೋರಿಕೆ. ಕೆಳಗೆ ಬಚ್ಚಲಿನಲ್ಲಿ ಹಂಡೆಯ ಮುಚ್ಚಳ ಸದ್ದಾಯಿತು. ಮೊದಲ ಪದ್ಯ ಎದ್ದಿತು. ಹತ್ತನೇ ಪ್ಯಾನೆಲ್ಲು ಸರಿ. ಹನ್ನೊಂದು ಸರಿ. ಹನ್ನೆರಡನೆಯದೂ ಸರಿ. ಉಳಿದದ್ದು ಅದರಿಂದ ಕೆಳಕ್ಕಿಳಿಯುವ ಕರೀ ಕೇಬಲ್ಲು ಒಂದೇ.

"ತಿರುಗಿಸ್ರೀ."

ಮುಳ್ಳು ಸೊನ್ನೆಗೆ ಮಲಗಿತು.

ಹನ್ನೆರಡನೇ ಪ್ಯಾನೆಲ್ಲು ಮೋಟುಗೋಡೆಯ ಕಡೆಗೆ ಬಾಗಿ, ನೆಲದಿಂದ ಗೇಣುದ್ದ ಮೇಲಿತ್ತು. ಪದ್ಮಾವತಿ ಒದ್ದೆ ನೆಲದ ಮೇಲೆ ಅಂಗಾತ ಮಲಗಿ ತಲೆ ಒಳಗೆ ತೂರಿಸಿದಳು. ಬ್ಯಾಟರಿ ಕೈಚಾಚಿ ತೆಗೆದುಕೊಂಡಳು. ಕೆಳಗಿನಿಂದ ಮಾವನ ದನಿ ಎಳೆಯೆಳೆಯಾಗಿ ಏರುತ್ತಿತ್ತು. ಎಷ್ಟು ಹೊತ್ತಾದರೂ ಅವಳು ಹೊರಗೆ ಬರಲಿಲ್ಲ.

"ಏನಾಯ್ತೇ?" ಎಂದ ಮುರಳಿ.

"ಅತ್ತೆ," ಎಂದಳು ಪ್ಯಾನೆಲ್ಲಿನ ಕೆಳಗಿನಿಂದಲೇ, "ನಿಮ್ಮ ನಿಂಬೆಹಣ್ಣು ಸಿಕ್ತು."

ಅಲ್ಲಿ ಕೆಂಪು ದಾರದಲ್ಲಿ ಪೋಣಿಸಿದ ಒಂದು ನಿಂಬೆಹಣ್ಣು, ಐದು ಹಸಿಮೆಣಸಿನಕಾಯಿ ತೂಗುತ್ತಿದ್ದವು. ದಾರವನ್ನು ಪಿನ್ನಿಗೆ ಕಟ್ಟಿ, ಪಿನ್ನನ್ನು ಕೇಬಲ್ಲಿಗೆ ಅಡ್ಡಡ್ಡ ಚುಚ್ಚಿ ಹಾಕಿತ್ತು. ಇಬ್ಬನಿಗೆ ತೊಯ್ದ ದಾರ ಪ್ಯಾನೆಲ್ಲಿನ ಕಬ್ಬಿಣದ ಕಾಲಿಗೆ ಅಂಟಿಕೊಂಡಿತ್ತು. ಪಕ್ಕದಲ್ಲೇ ಹಳೆಯ ಎರಡು ಜೊತೆ ತೂತು. ಅವುಗಳ ಬಾಯಲ್ಲೂ ಇಬ್ಬನಿಯ ಹನಿ.

ಹೊರಬಂದ ಪಿನ್ನನ್ನು ಮುನಿಯಕ್ಕ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. "ಅಯ್ ಶಿವನೇ, ಇದು ನನ್ ಪಿನ್ನು! ಪಂಚೆ ನಿಲ್ಲಾಕಿಲ್ವಂತೆ, ಪಂಚೆ!"

ಹದಿನೆಂಟು ಮುಗಿಸಿ ಟವಲು ಹೊದ್ದು ನಲ್ಲಪ್ಪ ಅಡುಗೆಮನೆಗೆ ಬಂದಾಗ ಮೂವರೂ ಕೂತಿದ್ದರು. ನಡುವೆ ತಟ್ಟೆಯಲ್ಲಿ ನಿಂಬೆಹಣ್ಣಿತ್ತು. ಅವನು ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ, ಮೆಲ್ಲಗೆ ಮಣೆ ಎಳೆದುಕೊಂಡ.

"ಆ ಎಣ್ಮಗೀನ್ ಮ್ಯಾಕೆ ಗೂಬೆ ಕೂರ್ಸಿ ಜಗಳ ಆಡ್ಸಿದ್ಯಲ್ಲಾ ನನ್ ಕೈಲಿ," ಎಂದಳು ಮುನಿಯಕ್ಕ.

"ನಾನೇನ್ ಆಡು ಅಂದ್ನಾ?"

"ಯಾಕ್ ಮಾವ ಇದು?" ಪದ್ಮಾವತಿಯ ದನಿ ಏರಲಿಲ್ಲ.

ನಲ್ಲಪ್ಪ ಟವಲಿನ ಅಂಚು ಹಿಂಡಿದ. "ಬೀದಿಗ್ ಬೀದಿನೇ ಅತ್ತಿ ಬಂದು ನೋಡ್ಕಂಡ್ ಓಯ್ತು. ಎದ್ರುಮನೆ ಸೊಣ್ಣಮ್ಮ ಅಂತೂ, 'ನಲ್ಲಪ್ಪನ ಸೊಸೆ ಸೂರ್ಯನ್ನೇ ಕಟ್ಟಾಕವ್ಳೆ' ಅಂದ್ಲು. ಕಣ್ ಬೀಳ್ದೆ ಇರ್ತದಾ? ನಿನ್ ಒಂಬತ್ತು ವರ್ಸದ ದುಡ್ಡಲ್ವಾ ಅದು? ಪೆಟ್ಟಿಗೆ ತಾವ ಕಟ್ಟಿದ್ರೆ ಮುರಳಿ ನಗ್ತಾನೆ ಅಂತ ಪ್ಲೇಟ್ ಇಂದ್ಗಡೆ ಕಟ್ದೆ. ದೀಪಾವಳಿ ಅಮಾಸೆಯಿಂದ ಸುರು. ಅಳೇದು ತಗ್ದು ಮೂರ್ ದಾರೀಲಿ ಎಸೆದು ಒಸದು ಚುಚ್ಚೋದು. ಕಬ್ಬಿಣಕ್ಕೆ ಚುಚ್ಚಾಕಾಯ್ತದಾ? ಆ ಕರೀ ಪೈಪು ಮೆತ್ತಗಿತ್ತು."

"ಕಿತ್ತಾಕ್ತೀನಿ, ಕಿತ್ತಾಕ್ತೀನಿ ಅಂತ ದಿನಾ ಅಂತಿದ್ರಲ್ಲ?"

"ಕಿತ್ತಾಕೋ ಮಟ ನಮ್ದೇ ಅಲ್ವಾ?"

ಮುರಳಿಗೆ ನಗು ತಡೆಯಲಾಗಲಿಲ್ಲ. ಪದ್ಮಾವತಿ ನಗಲಿಲ್ಲ. "ಮಾವ, ಆ ಕರೀ ಪೈಪಲ್ಲಿ ಹಗಲು ಹೊತ್ತು ನಾನೂರು ವೋಲ್ಟ್ ಇರುತ್ತೆ. ನೀವು ಚುಚ್ಚಿದ್ದು ದೀಪ ಹಚ್ಚೋ ಹೊತ್ತಲ್ಲಿ, ಬೆಳಕು ಹೋಗಿತ್ತು, ಬದುಕಿದ್ದೀರ. ಮಧ್ಯಾಹ್ನ ಆಗಿದ್ರೆ ನಾವು ಇವತ್ತು ಹಿಂಗೆ ಕೂತು ಮಾತಾಡ್ತಿರ್ಲಿಲ್ಲ."

ಮುನಿಯಕ್ಕನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ನಲ್ಲಪ್ಪ ತನ್ನ ಹೆಬ್ಬೆರಳು ತೋರುಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡ.

"ಇನ್ ಮುಟ್ಟಾಕಿಲ್ಲ ಬಿಡಮ್ಮ," ಎಂದ ಕಡೆಗೆ. "ಮುಟ್ಟಾಕಿಲ್ಲ."

"ಮುಟ್ಟಿ. ನಾನು ಹೇಳೋ ಕಡೆ ಮುಟ್ಟಿ."

ಮೂರನೇ ದಿನ ಕೊಟ್ರಪ್ಪ ಹೊಸ ಕೇಬಲ್ಲು ತಂದು ಎಳೆದ. ಈ ಸಲ ಅವನೂ ಅಂಗಾತ ಮಲಗಬೇಕಾಯಿತು, ಪದ್ಮಾವತಿ ಬಿಡಲಿಲ್ಲ. ಎದ್ದು ಬೆನ್ನು ಕೊಡವಿಕೊಂಡು ಫಾರಮ್ಮು ತೆಗೆದ.

"ಕಾರಣ ಏನ್ ಬರೀಲ್ರಿ ಮೇಡಂ? ನಿಂಬಿಹಣ್ಣು ಅಂತ ಬರೀಲೇನು?"

"ಕೇಬಲ್ ಹೊದಿಕೆಗೆ ತೂತು ಅಂತ ಬರೀರಿ. ಹಣ್ಣಿಂದೇನೂ ತಪ್ಪಿಲ್ಲ."

ಆ ಮಧ್ಯಾಹ್ನ ಮುನಿಯಕ್ಕ ಹಿತಕಿದ ಬೇಳೆ ಸಾರನ್ನು ಪಾತ್ರೆಯಲ್ಲಿ ತುಂಬಿ ಕೆಳಮನೆಯ ಬಾಗಿಲು ತಟ್ಟಿದಳು. ಮಹಾನಂದಾ ಅರ್ಧ ಬಾಗಿಲು ತೆರೆದಳು.

"ತಗಳಮ್ಮಿ. ಬಿಸಿ ಐತೆ."

"ನಿಂಬಿಹಣ್ಣು ಯಾರು ಕದ್ದಾರಂತ ಗೊತ್ತಾತೇನ್ರಿ ಅಮ್ಮಾರ?"

"ನಮ್ಮನೆ ಯಜಮಾನ್ರೇ ಕಣಮ್ಮಿ. ಬಾಯ್ಗೆ ಬಂದಂಗೆ ಅಂದ್ಬುಟ್ಟೆ. ಮನ್ಸಾಗೆ ಇಟ್ಕಬ್ಯಾಡ."

ಮಹಾನಂದಾ ಪಾತ್ರೆ ಈಸಿಕೊಂಡು ಮೂಸಿ ನೋಡಿದಳು. ಒಳಗೆ ಹೋಗಿ, ಸುಟ್ಟು ಪೇರಿಸಿದ್ದ ಜೋಳದ ರೊಟ್ಟಿ ನಾಲ್ಕನ್ನು ತಂದು ಮುನಿಯಕ್ಕನ ಕೈಯಲ್ಲಿಟ್ಟಳು. "ಇದಕ್ಕ ಇದ ಬೇಕ್ರಿ. ಮುದ್ದಿ ಅಲ್ಲ." ಸಂಜೆಗೆ ಅವಳ ಸೀರೆ ತಾರಸಿಯ ಹಗ್ಗದ ಮೇಲೆ ಹಾರಾಡಿತು.

ಸಂಕ್ರಾಂತಿಗೆ ಎಳ್ಳು ಬೀರಿದ್ದಾಯಿತು. ಮೇಸ್ತ್ರಿ ನೀಲಪ್ಪ, ಮುಂಚೆ ಹೇಳಿ ಕಳಿಸಿದ್ದಂತೆ, ಅಳತೆ ಟೇಪು ಹಿಡಿದು ಬಂದ. ನಲ್ಲಪ್ಪ ಅವನ ಕೈಗೆ ಎಳ್ಳುಬೆಲ್ಲ ಹಾಕಿದ. "ತಾರಸಿ ಮ್ಯಾಕೆ ಜಾಗ ಇಲ್ಲ ಕಣಪ್ಪ. ಸೊಸೆ ಅಲ್ಲಿ ಕರೆಂಟ್ ಬೆಳೀತಾವ್ಳೆ," ಎಂದು ಅವನನ್ನು ಗೇಟಿನಿಂದಲೇ ಸಾಗಹಾಕಿದ.

ಎರಡು ದಿನಕ್ಕೆ ಅಮಾವಾಸ್ಯೆ. ದೀಪ ಹಚ್ಚುವ ಹೊತ್ತಿಗೆ ನಲ್ಲಪ್ಪ ನಿಂಬೆಹಣ್ಣು ಹಿಡಿದು, ಈ ಸಲ ಎಲ್ಲರೂ ನೋಡುವಂತೆ, ಮೆಟ್ಟಿಲು ಹತ್ತಿದ. ಮೂರನೇ ಮೆಟ್ಟಿಲಲ್ಲಿ ನಿಂತು ಕೂಗಿದ: "ಪದ್ಮಾ, ಸ್ವಿಚ್ ಇಳಿಸಿದ್ದೀಯಾ?"

"ನಿಮ್ಮ ಕೊಕ್ಕೆಗೆ ಸ್ವಿಚ್ ಬೇಡ ಮಾವ. ಹೋಗಿ ಕಟ್ಟಿ."

ಕೇಬಲ್ಲಿನಿಂದ ಮಾರು ದೂರದಲ್ಲಿ, ಮೋಟುಗೋಡೆಗೆ ಅವಳು ಒಂದು ಕೊಕ್ಕೆ ಹೊಡೆಸಿದ್ದಳು. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಪ್ಯಾನೆಲ್ಲಿಗಿಂತ ಮೊದಲು ಬೀಳುವ ಜಾಗ. ನಲ್ಲಪ್ಪ ದಾರ ಬಿಗಿದು, ಹಿಂದೆ ಸರಿದು ನೋಡಿ, ಮತ್ತೊಂದು ಗಂಟು ಹಾಕಿದ. ಪಿನ್ನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬನಿ ಎಂದಿಗಿಂತ ದಟ್ಟವಾಗಿತ್ತು. ಪದ್ಮಾವತಿ ಮೆಟ್ಟಿಲ ಕೆಳಗೆ ಕಾಫಿ ಲೋಟ ಹಿಡಿದು ನಿಂತಳು. ಬಚ್ಚಲಲ್ಲಿ ಚೊಂಬಿನ ಸದ್ದು. ಒಂದು, ಎರಡು, ಮೂರು. ಒಂಬತ್ತನೇ ಪದ್ಯದ ನಡುವೆ ಪೆಟ್ಟಿಗೆ ಟಿಕ್ ಎಂದಿತು.

ಬಚ್ಚಲಿನ ಬಾಗಿಲು ಬೆರಳಷ್ಟು ತೆರೆಯಿತು. ಆ ಸಂದಿನಲ್ಲಿ ಹಸಿರು ಬೆಳಕು ಬಿತ್ತು. ನಲ್ಲಪ್ಪ ಪದ್ಯವನ್ನು ನಿಲ್ಲಿಸಲಿಲ್ಲ. ದನಿಯನ್ನು ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದ.